ರೈಟರ್ ಸೋಮಯ್ಯನವರ ಗಾಳಿ ಪೆಟ್ಟಿಗೆ

ಬೆಳ್ಳಿಗುಂಡಿ ಎಸ್ಟೇಟಿನ ದೊರೆ ವಿಲಾಯಿತಿಗೆ ಹೊರಡುವಾಗ ರೈಟರ್ ಸೋಮಯ್ಯನವರಿಗೆ ರೇಡಿಯೋ ಕೊಟ್ಟು ಹೋಗಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಕೊಡುತ್ತಾರೆ ಎಂದೇ ಸೋಮಯ್ಯನವರು ನಂಬಿದ್ದರು. ಹದಿನೆಂಟು ವರ್ಷ ಆ ತೋಟದ ಹಾಜರಿ ಪುಸ್ತಕ ಬರೆದವರು ಅವರು. ಅದಲ್ಲದೆ ಪಕ್ಕದ ಮನೆಯ ಬೋಜಮ್ಮನ ಗಂಡ, ವಿರಾಜಪೇಟೆ ಬಸ್ ಸ್ಟ್ಯಾಂಡಿನ ಏಜೆಂಟು, ಹಿಂದಿನ ವರ್ಷವೇ ಮಂಗಳೂರಿನಿಂದ ರೇಡಿಯೋ ತಂದಿದ್ದ. ಸಂಜೆಯಾದರೆ ತೋಟದ ಆಳುಗಳ ಮನೆಸಾಲು, ಅಂದರೆ ಲೈನಿನ ಜನರೆಲ್ಲ ಬೋಜಮ್ಮನ ಜಗಲಿಯಲ್ಲಿ. ಸೋಮಯ್ಯನವರ ಜಗಲಿಯಲ್ಲಿ ಅವರ ತಾಯಿ ಬೊಳ್ಳಮ್ಮ ಮತ್ತು ಒಂದು ನಾಯಿ. ವಾರ್ತೆಯ ಹೊತ್ತಿಗೆ ನಾಯಿಯೂ ಎದ್ದು ಆ ಕಡೆಗೆ ಹೋಗುತ್ತಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕನೆಯ ವರ್ಷ. ಬಿಳಿ ದೊರೆಗಳು ಒಬ್ಬೊಬ್ಬರಾಗಿ ತೋಟ ಮಾರಿ ಹಡಗು ಹತ್ತುತ್ತಿದ್ದ ಕಾಲ. ಬೆಳ್ಳಿಗುಂಡಿಯಲ್ಲಿ ಕಾಫಿ ಹಣ್ಣಿನ ಪಿಕಿಂಗ್ ಮುಗಿದ ವಾರ, ಬಂಗಲೆಯ ಮುಂದೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ದೊರೆಸಾನಿ ಒಂದೊಂದು ವಸ್ತು ಹಂಚಿದರು. ಬಟ್ಲರನಿಗೆ ಗೋಡೆ ಗಡಿಯಾರ, ಡ್ರೈವರನಿಗೆ ಓವರ್‌ಕೋಟು, ಮಾಲಿಗೆ ಛತ್ರಿ. ರೇಡಿಯೋ ಮಾತ್ರ ಕಂಬಳಿ ಹೊದ್ದುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ವಿಲಾಯಿತಿಗೆ ಹೊರಟು ಕೂತಿತ್ತು. ಸೋಮಯ್ಯನವರ ಸರದಿ ಬಂದಾಗ ಇಬ್ಬರು ಆಳುಗಳು ಒಂದು ಪೆಟ್ಟಿಗೆ ಹೊತ್ತು ತಂದರು. ಹಾರ್ಮೋನಿಯಂನಷ್ಟು ದೊಡ್ಡದು. ಮುಂದೆ ಕಬ್ಬಿಣದ ಪಟ್ಟಿಗಳು, ಒಳಗೆ ಒಂದು ಫ್ಯಾನು, ಹಿಂದೆ ಉದ್ದನೆಯ ವಯರು.

"ಕೋಣೆಯ ಗಾಳಿ ಶುದ್ಧ ಮಾಡುವುದು," ಎಂದರು ದೊರೆ. "ಕಾಫಿ ಹೂವಾದರೆ ನನ್ನ ಹೆಂಡತಿಗೆ ಸೀನು. ನಮ್ಮೂರಲ್ಲಿ ಕಾಫಿಯೂ ಇಲ್ಲ, ಸೀನೂ ಇಲ್ಲ. ನಿಮಗಿರಲಿ."

ಸೋಮಯ್ಯನವರು ಸಲಾಮು ಹೊಡೆದರು. ಬೇರೆ ಏನು ಮಾಡಲು ಸಾಧ್ಯ?

ಮನೆಯಲ್ಲಿ ಪೆಟ್ಟಿಗೆಯನ್ನು ಹಾಲಿನ ಮಧ್ಯೆ ಇಳಿಸಿದಾಗ ಹೆಂಡತಿ ಪೊನ್ನಮ್ಮ ಸೆರಗಿನಿಂದ ಕೈ ಒರೆಸಿಕೊಂಡು ಬಂದು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಇದ್ರಲ್ಲಿ ಹಾಡು ಉಟ್ಟಾ?" ಉಟ್ಟು ಎಂದರೆ ಅವರ ಮಾತಿನಲ್ಲಿ ಇದೆ ಎಂದು.

"ಹಾಡು ಇಲ್ಲೆ. ಗಾಳಿ ಉಟ್ಟು."

"ಗಾಳಿ ಹೊರ್ಗೆ ಬೇಕಾದಷ್ಟು ಉಟ್ಟಲ್ಲ!"

ಈ ಮಾತಿಗೆ ಆಗಲೇ ಬೆಲೆ ಕೊಟ್ಟಿದ್ದರೆ ಎಷ್ಟೋ ತೊಂದರೆ ತಪ್ಪುತ್ತಿತ್ತು. ಆದರೆ ಸೋಮಯ್ಯನವರು ಆಗಲೇ ಯಂತ್ರದ ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಕ ತೆರೆದು ಕೂತಿದ್ದರು. ಅವರ ಇಂಗ್ಲಿಷು ಹಾಜರಿ ಪುಸ್ತಕದ ಇಂಗ್ಲಿಷು. 'ಪ್ರೆಸೆಂಟ್', 'ಆಬ್ಸೆಂಟ್', 'ಸಿಕ್' ಎಂಬ ಮೂರು ಪದಗಳಲ್ಲಿ ಅವರನ್ನು ಮೀರಿಸುವವರು ಜಿಲ್ಲೆಯಲ್ಲಿರಲಿಲ್ಲ. ಉಳಿದದ್ದನ್ನು ಅಂದಾಜಿನ ಮೇಲೆ ಓದಿದರು. ಒಂದು ವಾಕ್ಯ ಮಾತ್ರ ಸ್ಪಷ್ಟವಾಗಿ ಅರ್ಥವಾಯಿತು: ಯಂತ್ರ ನಡೆಯುವಾಗ ಕಿಟಕಿ ಬಾಗಿಲು ಮುಚ್ಚಿರಬೇಕು. ಹಾಲಿನ ನಾಲ್ಕು ಕಿಟಕಿಗಳ ಚಿಲಕ ಸಡಿಲವಾಗಿದ್ದುದರಿಂದ ಸೋಮಯ್ಯನವರು ಒಂದೊಂದಕ್ಕೂ ನಾಲ್ಕು ಮೊಳೆ ಹೊಡೆದರು. ಸಂದಿಗಳಿಗೆ ಹಳೆಯ ಹಾಜರಿ ಹಾಳೆ ತುರುಕಿದರು. ಆಮೇಲೆ ಸ್ವಿಚ್ಚು ಒತ್ತಿದರು. ಪೆಟ್ಟಿಗೆ 'ಗುಂಯ್' ಎಂದಿತು. ಒಳಗೆ ಒಂದು ನೀಲಿ ದೀಪ ಹತ್ತಿಕೊಂಡಿತು.

ಯಂತ್ರ ಕೆಲಸ ಮಾಡುತ್ತದೋ ಇಲ್ಲವೋ ಎಂದು ತಿಳಿಯಲು ಪರೀಕ್ಷೆ ನಡೆಸಬೇಕಲ್ಲ. ಸೋಮಯ್ಯನವರು ಎರಡು ಬಿಳಿ ಪಂಚೆ ತೆಗೆದು ಒಂದನ್ನು ಯಂತ್ರದ ಎದುರಿಗೂ ಇನ್ನೊಂದನ್ನು ಅಡುಗೆಮನೆಯಲ್ಲಿ ಒಲೆಯ ನೇರಕ್ಕೂ ಕಟ್ಟಿದರು. ನಾಲ್ಕನೆಯ ದಿನ ಎರಡನ್ನೂ ಅಕ್ಕಪಕ್ಕ ಹಿಡಿದು ಮನೆಯವರನ್ನೆಲ್ಲ ಕರೆದರು. ಅಡುಗೆಮನೆಯದು ಕಪ್ಪಾಗಿತ್ತು, ಹಾಲಿನದು ಬೂದು ಬಣ್ಣಕ್ಕೆ ನಿಂತಿತ್ತು.

"ಕಂಡಿರಾ!"

ಮಗಳು ದಮಯಂತಿ ತೋಟದ ಶಾಲೆಯಲ್ಲಿ ಮೇಡಂ. ಅವಳು ಎರಡು ಪಂಚೆಯನ್ನೂ ತಿರುವಿ ನೋಡಿ, "ಅಪ್ಪಾ, ಹಿಂಗೆ ಅಲ್ಲ. ಎರಡೂ ಬಟ್ಟೆ ಹಾಲ್‌ನಲ್ಲೇ ಕಟ್ಟೊಕು. ಒಂದು ಯಂತ್ರ ನಡೆಯುವಾಗ, ಒಂದು ನಿಲ್ಲಿಸಿರುವಾಗ. ಆಮೇಲೆ ಹೇಳಿ," ಎಂದಳು.

"ಶಾಲೆ ಪಾಠ ಬೇರೆ, ಯಂತ್ರ ಬೇರೆ," ಎಂದು ಸೋಮಯ್ಯನವರು ಪಂಚೆಗಳನ್ನು ಒಗೆಯಲು ಹೆಂಡತಿಗೆ ಕೊಟ್ಟರು.

ಬೋಜಮ್ಮ ಬಂದದ್ದು ಆ ಸಂಜೆ. ಅವಳು ಬೇಲಿಯ ಆಚೆಯಿಂದಲೇ ಕಿಟಕಿಯ ಮೊಳೆಗಳನ್ನು ಎರಡು ಸಲ ಎಣಿಸಿದ್ದಳು.

"ಎಂಥ ಸೋಮಯ್ಯಣ್ಣ, ಕಿಟಕಿಗೆಲ್ಲ ಮೊಳೆ?"

"ಹೊರಗಿನ ಕೆಟ್ಟ ಗಾಳಿ ಒಳಗೆ ಬರಬಾರದಲ್ಲ. ಒಳಗಿರುವುದನ್ನು ತೆಗೆಯೋಕೆ ಯಂತ್ರ ಉಟ್ಟು."

ನಮ್ಮ ಭಾಷೆಯಲ್ಲಿ ಗಾಳಿ ಎಂದರೆ ಬೀಸುವುದೂ ಹೌದು, ಮೈಮೇಲೆ ಬರುವುದೂ ಹೌದು. ಸೋಮಯ್ಯನವರು ಹೇಳಿದ್ದು ಮೊದಲನೆಯದು. ಬೋಜಮ್ಮ ಕೇಳಿಸಿಕೊಂಡದ್ದು ಎರಡನೆಯದು. ಅವಳು ಒಂದು ಹೆಜ್ಜೆ ಹಿಂದೆ ಸರಿದು ದನಿ ತಗ್ಗಿಸಿದಳು.

"ಯಾರ ಮೇಲೆ ಉಟ್ಟು?"

"ಯಾರ ಮೇಲೆ ಅಂತ ಎಂಥ ಕೇಳ್ದು? ಎಲ್ಲರ ಮೇಲೂ ಉಟ್ಟು. ನಿಮ್ಮ ಮೇಲೂ ಉಟ್ಟು. ಕಣ್ಣಿಗೆ ಕಾಣುವುದಿಲ್ಲ ಅಷ್ಟೆ."

ಬೋಜಮ್ಮ ಆ ಸಂಜೆ ರೇಡಿಯೋ ಹಾಕಲಿಲ್ಲ.

ಮಾರನೆಯ ದಿನ ತೋಟದ ಆಳು ಕೆಂಚ ಹೆಂಡತಿಯನ್ನು ಕರೆದುಕೊಂಡು ಬಂದ. ಅವರು ಪಿರಿಯಾಪಟ್ಟಣದ ಕಡೆಯವರು. ಅವನ ಹಿಂದೆ ಲೈನಿನ ಹದಿನಾಲ್ಕು ಜನ.

"ರೈಟ್ರೇ, ನನ್ ಹೆಂಡ್ರಿಗೆ ವಾರಕ್ಕೊಂದ್ಸಲ ಗಾಳಿ ಬತ್ತದೆ. ಶನಿವಾರ."

"ಶನಿವಾರವೇ ಯಾಕೋ?"

"ಅವತ್ತು ಸಂಬಳ ಅಲ್ವರಾ. ನಾನು ಒಸಿ ತಕ್ಕಂಡು ಬತ್ತೀನಿ. ಬಾಗ್ಲಲ್ಲಿ ಕಾಲಿಟ್ಟೆ ಅಂದ್ರೆ ಇವಳ ಮೈಮ್ಯಾಲೆ ಬಂದೇ ಬುಡ್ತದೆ. ಪೊರಕೆ ತಕ್ಕತಾಳೆ."

'ಇದು ಆ ಗಾಳಿಗಲ್ಲಪ್ಪ' ಎಂದು ಹೇಳಲು ಸೋಮಯ್ಯನವರು ಬಾಯಿ ತೆರೆದದ್ದು ನಿಜ. ಆದರೆ ತೆರೆದ ಬಾಯಿಗೆ ಎದುರಾಗಿ ತಮ್ಮ ಜಗಲಿ ಕಾಣಿಸಿತು. ಜಗಲಿ ತುಂಬಿತ್ತು. ನಾಯಿಯೂ ವಾಪಸು ಬಂದಿತ್ತು. ಬೇಲಿಯ ಆಚೆ ಬೋಜಮ್ಮನ ಜಗಲಿಯಲ್ಲಿ ರೇಡಿಯೋ ಯಾರೂ ಇಲ್ಲದ ಚಾಪೆಗೆ ವಾರ್ತೆ ಓದುತ್ತಿತ್ತು.

"ಕೂರಿಸಿ ನೋಡೋಣ," ಎಂದರು ಸೋಮಯ್ಯನವರು.

ಕೆಂಚನ ಹೆಂಡತಿಯನ್ನು ಯಂತ್ರದ ಎದುರು ಮಣೆಯ ಮೇಲೆ ಕೂರಿಸಿ ಸ್ವಿಚ್ಚು ಒತ್ತಿದರು. ನೀಲಿ ದೀಪ ಹತ್ತಿತು, ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ಬೆಳಗಿನ ನಾಲ್ಕು ಗಂಟೆಯಿಂದ ನಿಂತೇ ಇದ್ದ ಆ ಹೆಂಗಸು ಕೂತಲ್ಲೇ ಕಣ್ಣು ಮುಚ್ಚಿ ಅರ್ಧ ಗಂಟೆ ನಿದ್ದೆ ಹೋದಳು. ಎದ್ದವಳು, "ಮೈಯೆಲ್ಲ ಹಗುರಾಯ್ತು ಕಣ್ರವ್ವ," ಎಂದಳು. ನೆರೆದವರು ಮುಖ ಮುಖ ನೋಡಿಕೊಂಡರು. ಮುಂದಿನ ಶನಿವಾರ ಕೆಂಚ, ಹೆಂಡತಿಯನ್ನು ಮತ್ತೆ ಎಲ್ಲರೆದುರು ಕರೆದುಕೊಂಡು ಹೋಗಬೇಕಾದೀತೆಂಬ ನಾಚಿಕೆಗೆ, ಕುಡಿಯದೆ ಮನೆಗೆ ಬಂದ. ಅವಳಿಗೆ ಗಾಳಿಯೂ ಬರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು?

ಅಲ್ಲಿಂದ ಮುಂದೆ ಸೋಮಯ್ಯನವರಿಗೆ ಸಂಜೆ ಬಿಡುವಿಲ್ಲ. ಹೆಗಲ ಮೇಲೆ ಮಡಿ ಟವೆಲು ಹಾಕಿಕೊಂಡು, ಯಾರಿಗೂ ಮುಟ್ಟಲು ಬಿಡದೆ ಸ್ವಿಚ್ಚು ತಾವೇ ಒತ್ತುವರು. ಇದು ದೆವ್ವ ಬಿಡಿಸುತ್ತದೆಂದು ಅವರು ಒಂದು ದಿನವೂ ಹೇಳಲಿಲ್ಲ, ಬಿಡಿಸುವುದಿಲ್ಲ ಎಂದೂ ಹೇಳಲಿಲ್ಲ. ಕೇಳಿದವರಿಗೆಲ್ಲ, "ಯಂತ್ರ ತನ್ನ ಕೆಲಸ ಮಾಡುತ್ತದೆ," ಎಂದು ಮಾತ್ರ ಹೇಳಿ ಸೂರಿನ ಕಡೆ ನೋಡುತ್ತಿದ್ದರು.

ಮನೆಯವರ ಸ್ಥಿತಿ ಬೇರೆ. ಮೊಳೆ ಹೊಡೆದ ಹಾಲು, ದಿನಕ್ಕೆ ಇಪ್ಪತ್ತು ಜನರ ಉಸಿರು, ಅಡುಗೆಮನೆಯ ಹೊಗೆ, ದೊರೆಸಾನಿಯ ಕಾಲದ ಆರು ವರ್ಷದ ಧೂಳು ಕಟ್ಟಿಕೊಂಡ ಯಂತ್ರ. ಪೊನ್ನಮ್ಮನಿಗೆ ತಲೆನೋವು. ದಮಯಂತಿ ಶಾಲೆಯಲ್ಲಿ ಮಗ್ಗಿ ಹೇಳಿಸುವಾಗ ಆಕಳಿಸಲು ಶುರು ಮಾಡಿದಳು. ಬೊಳ್ಳಮ್ಮ ಚಾಪೆ ಸುತ್ತಿಕೊಂಡು ದನದ ಕೊಟ್ಟಿಗೆಗೆ ಹೋದರು.

"ಹಟ್ಟಿಲಿ ದನ ಉಟ್ಟು, ನಿಜ. ಆದ್ರೆ ಉಸಿರು ಬಿಡಿಕೆ ಜಾಗನೂ ಉಟ್ಟು," ಎಂದರು.

ಹೀಗೆ ಮೂರು ವಾರ ನಡೆದ ಮೇಲೆ ಭಾಗಮಂಡಲದಿಂದ ಒಂದು ಕಾರ್ಡು ಬಂತು.

ದಮಯಂತಿಗೆ ಭಾಗಮಂಡಲದ ಉತ್ತಯ್ಯನೊಂದಿಗೆ ಮಾತು ನಡೆದಿತ್ತು. ಹುಡುಗನಿಗೆ ಏಲಕ್ಕಿ ತೋಟ, ನಲವತ್ತು ಜೇನಿನ ಪೆಟ್ಟಿಗೆ. ಎರಡೂ ಕಡೆ ಫೋಟೋ ನೋಡಿ ಒಪ್ಪಿಗೆಯಾಗಿತ್ತು, ಮಾರ್ಚಿನಲ್ಲಿ ನಿಶ್ಚಿತಾರ್ಥ ಎಂದಾಗಿತ್ತು. ಕಾರ್ಡು ಬರೆದದ್ದು ಹುಡುಗನ ದೊಡ್ಡಪ್ಪ ಕುಶಾಲಪ್ಪ, ಆ ಮನೆಯ ಯಜಮಾನರು.

'ನಿಮ್ಮ ಮಗಳಿಗೆ ಗಾಳಿ ಇರುವ ವಿಷಯ ಮೊದಲೇ ತಿಳಿಸುವುದು ಮರ್ಯಾದೆಯಾಗಿತ್ತು. ಭಾನುವಾರ ಬಂದು ಕಣ್ಣಾರೆ ನೋಡಿ ಮಾತು ಮುಗಿಸುತ್ತೇವೆ. ಊಟದ ಏರ್ಪಾಡು ಬೇಡ.'

ಕೊನೆಯ ವಾಕ್ಯ ಓದಿ ಪೊನ್ನಮ್ಮ ಅಲ್ಲೇ ಕೂತುಬಿಟ್ಟರು. ಊಟ ಬೇಡ ಎಂದವರು ಸಂಬಂಧವೂ ಬೇಡ ಎಂದ ಹಾಗೆಯೇ.

ಸೋಮಯ್ಯನವರು ಕಾರ್ಡು ಹಿಡಿದು ಬೇಲಿ ಹಾರಿ ಬೋಜಮ್ಮನ ಮನೆಗೆ ಓಡಿದರು.

"ನಾ ಯಾರಿಗೂ ಹೇಳಿಲ್ಲೆ ಸೋಮಯ್ಯಣ್ಣ. ದೇವರಾಣೆ! ಕಂಡಕ್ಟರಿಗೆ ಮಾತ್ರ ಹೇಳಿದ್ದು."

ಬಸ್ಸು ವಿರಾಜಪೇಟೆ ಬಿಡುವಾಗ 'ರೈಟರ ಮನೆಯಲ್ಲಿ ಗಾಳಿ ತೆಗೆಯುವ ಯಂತ್ರ' ಎಂದಿದ್ದ ಸುದ್ದಿ ಮೂರ್ನಾಡಿನಲ್ಲಿ 'ರೈಟರ ಮನೆಯಲ್ಲಿ ಗಾಳಿ' ಎಂದಾಯಿತು. ಮಡಿಕೇರಿಯಲ್ಲಿ ಬಸ್ಸು ಬದಲಿಸಿದಾಗ 'ರೈಟರ ಮಗಳಿಗೆ ಗಾಳಿ'. ಭಾಗಮಂಡಲದಲ್ಲಿ ಇಳಿಯುವ ಹೊತ್ತಿಗೆ 'ವಿಲಾಯಿತಿ ಯಂತ್ರ ತರಿಸಿದರೂ ಬಿಟ್ಟಿಲ್ಲವಂತೆ' ಎಂಬುದೂ ಸೇರಿಕೊಂಡಿತ್ತು.

ಭಾನುವಾರ ಹನ್ನೊಂದರ ಬಸ್ಸಿನಿಂದ ಕುಶಾಲಪ್ಪ ಇಳಿದರು. ದಪ್ಪ ಮೀಸೆ, ಕಪ್ಪು ಕೋಟು, ಜೇಬಿನಲ್ಲಿ ಬೆಳ್ಳಿಯ ಗಡಿಯಾರ. ಹಿಂದೆ ಉತ್ತಯ್ಯ, ತೆಳ್ಳಗಿನ ಹುಡುಗ. ಮಾತಾಡಬಾರದು ಎಂದು ಹೇಳಿ ಕರೆತಂದಂತಿತ್ತು. ಸೋಮಯ್ಯನವರು ಓಡಿ ಹೋಗಿ ಕೈಮುಗಿದರು. ಅಷ್ಟರಲ್ಲಿ ಅದೇ ಬಸ್ಸಿನಿಂದ ಚರ್ಮದ ಚೀಲ ಹಿಡಿದ ಮೂರನೆಯವರೊಬ್ಬರು ಇಳಿದರು. ಹೆಲ್ತ್ ಇನ್‌ಸ್ಪೆಕ್ಟರ್ ಶಿವಶಂಕರಪ್ಪ, ಕೊಡ್ಲಿಪೇಟೆಯವರು. ಮಡಿಕೇರಿಯ ಬಸ್ ಸ್ಟ್ಯಾಂಡಿನಲ್ಲಿ ಅವರ ಕಿವಿಗೂ ಈ ಸುದ್ದಿ ಬಿದ್ದಿತ್ತು. ಆದರೆ ದೆವ್ವ ಅವರ ಇಲಾಖೆಗೆ ಬರುವುದಿಲ್ಲ. ಕೆಟ್ಟ ಗಾಳಿ ಎಂದರೆ ಅವರಿಗೆ ಅಂಟುರೋಗ.

"ಎಷ್ಟು ಜನಕ್ಕೆ ಐತ್ರೀ?" ಎಂದು ಅವರು ನೋಟ್‌ಬುಕ್ಕು ತೆರೆದರು.

"ಒಬ್ಬರಿಗೂ ಇಲ್ಲ ಸಾರ್!"

"ಎಲ್ರೂ ಹಂಗೇ ಹೇಳೋದು. ಹೋದ ವರ್ಷ ಒಂದೂರಲ್ಲಿ ಒಬ್ಬರಿಗೂ ಇಲ್ಲ ಅಂತಲೇ ಹನ್ನೆರಡು ಜನ ಮಲಗಿದ್ರು. ಬೇಕಾದ್ರೆ ಮನೆಗೆ ಬೀಗ ಹಾಕಿಸ್ತೀನಿ, ಶಾಲೆಗೂ ಹಾಕಿಸ್ತೀನಿ. ಮೊದ್ಲು ರೋಗಿ ತೋರ್ಸಿ."

"ಮೊದಲು ಗೂಡೆ ತೋರ್ಸಿ," ಎಂದರು ಕುಶಾಲಪ್ಪ. ಗೂಡೆ ಎಂದರೆ ಅವರ ಮಾತಿನಲ್ಲಿ ಹುಡುಗಿ. ದಮಯಂತಿ ಕಾಫಿ ತಟ್ಟೆ ಹಿಡಿದು ಜಗಲಿಗೆ ಬಂದಳು. ಮೂರು ವಾರದ ತಲೆನೋವಿನ ಮುಖ, ಕಣ್ಣ ಕೆಳಗೆ ಕಪ್ಪು. ಬಂದವಳು ದೊಡ್ಡದಾಗಿ ಆಕಳಿಸಿದಳು. ಕುಶಾಲಪ್ಪ ಕಾಫಿ ಮುಟ್ಟಲಿಲ್ಲ. ಇನ್‌ಸ್ಪೆಕ್ಟರು ಏನೋ ಬರೆದುಕೊಂಡರು.

ಇಂಥ ಹೊತ್ತಿನಲ್ಲಿ ಬುದ್ಧಿವಂತರು ಸುಮ್ಮನಿರುತ್ತಾರೆ. ಸೋಮಯ್ಯನವರು, "ಯಂತ್ರ ಕೆಲಸ ಮಾಡೋದನ್ನ ಈಗಲೇ ಪರೀಕ್ಷೆ ಮಾಡಿ ತೋರಿಸ್ತೇನೆ, ಒಳಗೆ ಬನ್ನಿ," ಎಂದರು.

ಹಾಲಿನಲ್ಲಿ ಕುರ್ಚಿ ಹಾಕಿ ಕುಶಾಲಪ್ಪ, ಉತ್ತಯ್ಯ, ಇನ್‌ಸ್ಪೆಕ್ಟರು ಮೂವರನ್ನೂ ಕೂರಿಸಿದರು. ಕರೆಯದಿದ್ದರೂ ಬೋಜಮ್ಮ ಬಂದು ಬಾಗಿಲ ಹತ್ತಿರ ನಿಂತಳು. ಮಧ್ಯದಲ್ಲಿ ಕೆಂಡದ ಬಾಣಲೆ, ಕೆಂಡದ ಮೇಲೆ ಎರಡು ಹಿಡಿ ಸಾಂಬ್ರಾಣಿ. ಗಾಳಿ ಮೊದಲು ಕೆಡಬೇಕು, ಆಮೇಲೆ ಯಂತ್ರ ಅದನ್ನು ಸರಿಮಾಡಬೇಕು, ಇದು ಸೋಮಯ್ಯನವರ ಯೋಜನೆ. ಪರೀಕ್ಷೆ ಶುದ್ಧವಾಗಿರಲಿ ಎಂದು ಬಾಗಿಲು ಮುಚ್ಚಿದರು. ಅಡುಗೆಮನೆ ಕಡೆಯ ಬಾಗಿಲನ್ನು ಮುಚ್ಚುವಷ್ಟರಲ್ಲಿ ಅಲ್ಲಿಂದ ಬೊಳ್ಳಮ್ಮ ಒಳಗೆ ಬಂದಿದ್ದರು. ಗಾಳಿ ತೆಗೆಯುತ್ತಾರೆ ಎಂದು ಕೇಳಿ ಕೊಟ್ಟಿಗೆಯಿಂದ ಬಂದವರು. ಈ ವಿದ್ಯೆ ಅವರಿಗೆ ಯಂತ್ರಕ್ಕಿಂತ ಮೊದಲೇ ಗೊತ್ತಿತ್ತು.

"ಇಷ್ಟು ಜನರ ದೃಷ್ಟಿ ಬಿದ್ದುಟ್ಟು. ಬರೀ ಸಾಂಬ್ರಾಣಿಲಿ ಎಂಥ ಆದು?" ಎನ್ನುತ್ತ ಸೆರಗಿನಲ್ಲಿ ಕಟ್ಟಿ ತಂದಿದ್ದ ಒಣ ಮೆಣಸಿನಕಾಯಿಯನ್ನು, ಮೂರು ಸಲ ನಿವಾಳಿಸಿ, ಪೂರ್ತಿಯಾಗಿ ಕೆಂಡಕ್ಕೆ ಸುರಿದರು. ಅದೇ ಗಳಿಗೆಯಲ್ಲಿ ಸೋಮಯ್ಯನವರು ಸ್ವಿಚ್ಚು ಒತ್ತಿದರು.

ಯಂತ್ರ ಅಂದು ಒಂದು ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತು. ಬಾಣಲೆಯ ಮೇಲೆ ಒಂದೇ ಕಡೆ ಏಳುತ್ತಿದ್ದ ಘಾಟನ್ನು ಎಳೆದುಕೊಂಡು ಮೂಲೆಮೂಲೆಗೂ, ಹಿರಿಯರು ಕಿರಿಯರು ಎಂಬ ಭೇದವಿಲ್ಲದೆ, ಸಮನಾಗಿ ಹಂಚಿತು. ಮೊದಲು ಸೀನಿದ್ದು ಇನ್‌ಸ್ಪೆಕ್ಟರು. ಆಮೇಲೆ ಯಾರು ಯಾರ ಮೇಲೆ ಸೀನಿದರು ಎಂದು ಹೇಳುವುದು ಕಷ್ಟ. ಕುಶಾಲಪ್ಪ ಬಾಗಿಲಿಗೆ ನುಗ್ಗಿದರು. ಬೋಜಮ್ಮ ಆಗಲೇ ಬಾಗಿಲಿಗೆ ಅಂಟಿಕೊಂಡು ತಳ್ಳುತ್ತಿದ್ದಳು. ಆ ಬಾಗಿಲು ಒಳಕ್ಕೆ ಎಳೆದರೆ ತೆರೆಯುವಂಥದು. ತಳ್ಳುವವರು ಹೆಚ್ಚಿದಷ್ಟೂ ಅದು ಭದ್ರವಾಗುತ್ತ ಹೋಯಿತು.

"ಕಿಟಕಿ! ಕಿಟಕಿ ತೆಗೀರಿ!"

"ಮೊಳೆ… ಹೊಡೆದುಟ್ಟು!" ಎಂದರು ಸೋಮಯ್ಯನವರು ಕೆಮ್ಮಿನ ಮಧ್ಯೆ.

ಒಳಗೆ ಕಣ್ಣು ಬಿಟ್ಟಿದ್ದವನು ಉತ್ತಯ್ಯ ಒಬ್ಬನೇ. ಜೇನು ತೆಗೆಯುವಾಗ ಹುಳಕ್ಕೆ ಹೊಗೆ ಹಾಕಿ ಹಾಕಿ ಅವನಿಗೆ ಅಭ್ಯಾಸ. ಅವನು ತಡಕಾಡಿ ಒಂದು ಕಿಟಕಿಯ ಹತ್ತಿರ ಹೋಗಿ ಭುಜ ಕೊಟ್ಟು ತಳ್ಳಿದ. ಹೊರಗಿನಿಂದಲೂ ಯಾರೋ ಎಳೆಯುತ್ತಿದ್ದರು. ಹಾರೆ ಮರಕ್ಕೆ ಸಿಕ್ಕಿದ ಸದ್ದು, ಮೊಳೆ ಕೀರೆಂದು ಕಿತ್ತ ಸದ್ದು, ಆಮೇಲೆ ಕಿಟಕಿ ಧಡ್ ಎಂದು ತೆರೆಯಿತು. ಹೊಗೆಯ ದೊಡ್ಡ ಮುದ್ದೆಯೊಂದಿಗೆ ಉತ್ತಯ್ಯನ ತಲೆ ಹೊರಗೆ ಬಂತು. ಒಂದು ಗೇಣು ದೂರದಲ್ಲಿ, ಸೀರೆ ಎತ್ತಿ ಕಟ್ಟಿ, ಕೈಯಲ್ಲಿ ಹಾರೆ ಹಿಡಿದು ದಮಯಂತಿ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಸರಿ, ಆ ಕಡೆ ಹೋಗಿ ತಳ್ಳಿ," ಎಂದಳು ದಮಯಂತಿ. "ಇನ್ನೂ ಮೂರು ಉಟ್ಟು."

ಉತ್ತಯ್ಯ ಹೋಗಿ ತಳ್ಳಿದ.

ಐದು ನಿಮಿಷದಲ್ಲಿ ಎಲ್ಲರೂ ಅಂಗಳದಲ್ಲಿದ್ದರು. ಪೊನ್ನಮ್ಮ ಕೊಡಗಟ್ಟಲೆ ನೀರು ತಂದು ಮುಖಗಳಿಗೆ ಎರಚಿದರು. ಲೈನಿನ ಜನ ಬೇಲಿಯುದ್ದಕ್ಕೂ ನಿಂತಿದ್ದರು. ಇನ್‌ಸ್ಪೆಕ್ಟರು ನೋಟ್‌ಬುಕ್ಕು ತೆಗೆದರು.

"ಆರು ಜನಕ್ಕೆ ಕೆಮ್ಮು! ಬರುವಾಗ ನನಗಿರಲಿಲ್ಲ, ಈಗ ನನಗೂ ಬಂದೈತೆ. ಎಷ್ಟು ಬೇಗ ಹರಡ್ತದೆ ನೋಡ್ರೀ!"

ಕುಶಾಲಪ್ಪನವರ ಮೀಸೆ ಒದ್ದೆಯಾಗಿ ಕೆಳಗಿಳಿದಿತ್ತು. ಅದನ್ನು ತಿರುವಲು ನೋಡಿ ಬಿಟ್ಟು, ಸೋಮಯ್ಯನವರ ಎದುರು ಬಂದು ನಿಂತರು.

"ಒಂದೇ ಮಾತು ಹೇಳಿ. ಗೂಡೆಗೆ ಗಾಳಿ ಉಟ್ಟಾ, ಇಲ್ಲೆಯಾ?"

ಸೋಮಯ್ಯನವರು ಬೇಲಿಯ ಕಡೆ ನೋಡಿದರು. ಮೂರು ವಾರದಿಂದ ತಮ್ಮನ್ನು ಕಂಡರೆ ತಲೆಯ ಟವೆಲು ತೆಗೆಯುತ್ತಿದ್ದ ಜನವೆಲ್ಲ ಅಲ್ಲೇ ಇದ್ದರು. ಕೆಂಚ ಎಲ್ಲರಿಗಿಂತ ಮುಂದೆ ಇದ್ದ. ಆಮೇಲೆ ಮಗಳನ್ನು ನೋಡಿದರು.

"ಇಲ್ಲೆ," ಎಂದರು. "ಅವಳಿಗೂ ಇಲ್ಲೆ, ಯಾರಿಗೂ ಇಲ್ಲೆ. ಇದು ಧೂಳು ತೆಗೆಯೋ ಪೆಟ್ಟಿಗೆ. ದೊರೆಸಾನಿಗೆ ಸೀನು ಬರ್ತಿತ್ತು, ಅವರ ಊರಲ್ಲಿ ಸೀನು ಇಲ್ಲೆ, ನನಗೆ ಕೊಟ್ಟರು. ದೆವ್ವ ಬಿಡಿಸೋದು ಅಂತ ಜನ ಅಂದುಕೊಂಡರು, ನಾ ಅಲ್ಲ ಅನ್ನಲಿಲ್ಲೆ. ಯಾಕೆಂದ್ರೆ… ಸಂಜೆ ಹೊತ್ತು ನಾಲ್ಕು ಜನ ನಮ್ಮ ಜಗಲಿಗೂ ಬರ್ತಿದ್ದರು. ಅಷ್ಟೆ. ತಪ್ಪು ನಂದು. ಅದಕ್ಕೆ ಅವಳನ್ನು ಬಿಡಬೇಡಿ."

ಬೇಲಿಯ ಹತ್ತಿರದಿಂದ ಕೆಂಚನ ಹೆಂಡತಿ, "ಅದು ನಂಗೆ ಅವತ್ತೇ ಗೊತ್ತಿತ್ತು. ಕೂತ್ಕಳಕ್ಕೆ ಒಂದು ಮಣೆ ಸಿಕ್ತಲ್ಲ ಅಂತ ಸುಮ್ಕಿದ್ದೆ," ಎಂದಳು.

"ಅಪ್ಪ ಹೇಳಿದ್ದನ್ನೂ ನಂಬಬೇಡಿ, ನಾನು ಹೇಳಿದ್ದನ್ನೂ ನಂಬಬೇಡಿ," ಎಂದಳು ದಮಯಂತಿ. ಹಾರೆ ಇನ್ನೂ ಕೈಯಲ್ಲೇ ಇತ್ತು. "ಸರಿಯಾಗಿ ಒಂದು ಪರೀಕ್ಷೆ ಮಾಡೋಣ. ನಿಮ್ಮ ಗಡಿಯಾರ ನಡೀತದೆಯಾ ದೊಡ್ಡಪ್ಪ?"

ಕುಶಾಲಪ್ಪನವರ ಗಡಿಯಾರದ ಬಗ್ಗೆ ಈವರೆಗೆ ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. "ಮೂವತ್ತು ವರ್ಷದಿಂದ ಒಂದು ನಿಮಿಷ ತಪ್ಪಿಲ್ಲೆ," ಎಂದು ತೆಗೆದು ತೋರಿಸಿದರು.

ದಮಯಂತಿ ಶಾಲೆಯ ಸ್ಲೇಟು ತಂದಳು. ಮೊದಲು ಯಂತ್ರದ ಹಿಂದಿನ ಮುಚ್ಚಳ ತೆಗೆದು, ಒಳಗಿದ್ದ ದಪ್ಪ ಬಟ್ಟೆಯನ್ನು ಕಲ್ಲಿಗೆ ಬಡಿದು ದೊರೆಸಾನಿಯ ಕಾಲದ ಧೂಳನ್ನು ಬಿಡಿಸಿದಳು. ಆಮೇಲೆ ಮೂರು ಸರದಿ. ಪ್ರತಿ ಸಲ ಅಳೆದು ಒಂದು ಚಮಚ ಸಾಂಬ್ರಾಣಿ, ಹೊಗೆ ತುಂಬಿದ ಮೇಲೆ ಕೆಂಡ ಹೊರಗೆ. ಬೊಳ್ಳಮ್ಮನನ್ನು ಪೊನ್ನಮ್ಮ ಕೈಹಿಡಿದು ಕೂರಿಸಿಕೊಂಡಿದ್ದರು. ಹಾಲಿನ ಕೊನೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರು. ಈ ಕಡೆ ನಿಂತು ಅದರ ತಾರೀಕು ಓದಲು ಎಷ್ಟು ನಿಮಿಷ ಬೇಕೋ ಅಷ್ಟು ಸ್ಲೇಟಿನ ಮೇಲೆ. ಕಣ್ಣು ಇನ್‌ಸ್ಪೆಕ್ಟರರದು, ಗಡಿಯಾರ ಕುಶಾಲಪ್ಪನವರದು. ಬಾಣಲೆ ಹೊರುವ ಕೆಲಸ ಉತ್ತಯ್ಯನದು. ಯಾರೂ ಹೇಳದೆ ಅವನೇ ಎತ್ತಿಕೊಂಡಿದ್ದ.

ಎಲ್ಲ ಮುಚ್ಚಿ, ಯಂತ್ರ ನಿಲ್ಲಿಸಿ: ನಲವತ್ತು ನಿಮಿಷವಾದರೂ ತಾರೀಕು ಕಾಣಲಿಲ್ಲ. ಕುಶಾಲಪ್ಪ, ಸಾಕು ಎಂದರು.

ಎಲ್ಲ ಮುಚ್ಚಿ, ಯಂತ್ರ ನಡೆಸಿ: ಇಪ್ಪತ್ತೆರಡು ನಿಮಿಷ.

ಯಂತ್ರ ನಿಲ್ಲಿಸಿ, ನಾಲ್ಕು ಕಿಟಕಿ ತೆರೆದು: ನಾಲ್ಕು ನಿಮಿಷ.

"ಮೂರೂವರೆ," ಎಂದರು ಇನ್‌ಸ್ಪೆಕ್ಟರು. "ಓದಿದ್ದೆ, ಹೇಳೋಕೆ ಮೊದ್ಲು ಒಂದು ಸೀನು ಬಂತು."

"ನಾಲ್ಕೇ ಬರ್ಕೊ," ಎಂದರು ಕುಶಾಲಪ್ಪ ದಮಯಂತಿಗೆ. ಅವರ ದನಿ ಮೊದಲಿನಂತಿರಲಿಲ್ಲ.

ಇನ್‌ಸ್ಪೆಕ್ಟರು ಸ್ಲೇಟನ್ನು ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ಮನೆಯವರ ನಾಲಿಗೆ, ಕಣ್ಣು, ನಾಡಿ ನೋಡಿದರು. ಕೊಟ್ಟಿಗೆಯಲ್ಲಿ ಮಲಗುವ ಬೊಳ್ಳಮ್ಮನ ನಾಡಿಯೇ ಎಲ್ಲರಿಗಿಂತ ಚೆನ್ನಾಗಿತ್ತು. "ರೋಗ ಗೀಗ ಏನೂ ಇಲ್ರೀ," ಎಂದು ಘೋಷಿಸಿದರು. "ಯಂತ್ರ ಸುಳ್ಳೂ ಅಲ್ಲ. ಕಿಟಕಿ ತೆರೆಯೋಕೆ ಆಗದೇ ಇರೋ ಕಡೆ ಒಳ್ಳೇದೇ. ಆದ್ರೆ ನಾಲ್ಕು ಕಿಟಕಿ ಇಟ್ಕೊಂಡು ಮೊಳೆ ಹೊಡೆಯೋರನ್ನ ನನ್ನ ಸರ್ವಿಸಲ್ಲಿ ನೋಡಿರಲಿಲ್ಲ." ಬೀಗದ ಮಾತು ಮತ್ತೆ ಎತ್ತಲಿಲ್ಲ. ಸೋಮಯ್ಯನವರು ಮೂರು ವಾರದಲ್ಲಿ ಮೊದಲ ಬಾರಿಗೆ ಪೂರ್ತಿ ಉಸಿರೆಳೆದುಕೊಂಡರು.

ಕುಶಾಲಪ್ಪ ಗಡಿಯಾರಕ್ಕೆ ಕೀ ಕೊಟ್ಟು ಜೇಬಿಗಿಳಿಸಿದರು. "ಮೈಮೇಲೆ ಗಾಳಿ ಇದ್ದವಳು ಇಷ್ಟು ಜನರನ್ನು ಹಿಂಗೆ ಸಾಲಲ್ಲಿ ನಿಲ್ಲಿಸಿಕೆ ಆದುಲ್ಲೆ," ಎಂದು ಯಾರಿಗೂ ಅಲ್ಲದಂತೆ ಹೇಳಿ, ಪೊನ್ನಮ್ಮನ ಕಡೆ ತಿರುಗಿದರು. "ಊಟ ಬೇಡ ಅಂತ ಬರ್ದಿದ್ದೆ. ಆಗ ಹೊಟ್ಟೆ ಹಸಿದಿರಲಿಲ್ಲೆ."

ಪೊನ್ನಮ್ಮ ಬೆಳಗಿನಿಂದಲೇ ಕಡುಬು, ಕೋಳಿ ಸಾರು ಮಾಡಿಟ್ಟಿದ್ದರು. ಬೇಡ ಎಂದ ಮಾತ್ರಕ್ಕೆ ಮಾಡದೆ ಇರುವ ಹೆಂಗಸು ಅವರಲ್ಲ. ಕುಶಾಲಪ್ಪ ಒಂಬತ್ತು ಕಡುಬು ತಿಂದು, ಹತ್ತನೆಯದಕ್ಕೆ ಕೈಯಿಟ್ಟಾಗ ನಿಶ್ಚಿತಾರ್ಥದ ದಿನ ಹೇಳಿದರು. ಇನ್‌ಸ್ಪೆಕ್ಟರಿಗೆ ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು. ಬೋಜಮ್ಮನನ್ನು ಕರೆಯುವುದೋ ಬೇಡವೋ ಎಂದು ಪೊನ್ನಮ್ಮ ಯೋಚಿಸುತ್ತಿರುವಾಗ ಅವಳು ತಾನೇ ಬಡಿಸಲು ನಿಂತಿದ್ದಳು.

ಸಂಜೆಯ ಬಸ್ಸಿಗೆ ಹೊರಟಾಗ ಉತ್ತಯ್ಯ ಹಿಂದೆ ಉಳಿದ. ದಮಯಂತಿಯೇ ಕೇಳಿದಳು.

"ನಿಮ್ಮ ಮನೆಲಿ ಎಷ್ಟು ಕಿಟಕಿ ಉಟ್ಟು?"

ಉತ್ತಯ್ಯ ಕೈಬೆರಳಲ್ಲಿ ಎಣಿಸಲು ಶುರು ಮಾಡಿ, ಮಧ್ಯದಲ್ಲಿ ಗೊಂದಲವಾಗಿ, ಕೆಂಪಾದ. "ಗೊತ್ತಿಲ್ಲೆ. ನೋಡಿ ಬರೀತೇನೆ," ಎಂದು ಬಸ್ಸಿಗೆ ಓಡಿದ.

ಯಂತ್ರ ಆ ವಾರವೇ ಸೋಮಯ್ಯನವರ ಮನೆ ಬಿಟ್ಟಿತು. ವಿರಾಜಪೇಟೆಯ ಫೋಟೋ ಸ್ಟುಡಿಯೋದವನಿಗೆ ಒಂದು ಕತ್ತಲೆ ಕೋಣೆ. ಬೆಳಕು ಬರಬಾರದೆಂದು ಅದಕ್ಕೆ ಕಿಟಕಿಯೇ ಇಲ್ಲ, ಔಷಧದ ವಾಸನೆಗೆ ಅವನಿಗೆ ದಿನವೂ ತಲೆಸುತ್ತು. ಸೋಮಯ್ಯನವರು ಪೆಟ್ಟಿಗೆಯನ್ನು ಅವನಿಗೆ ಕೊಟ್ಟುಬಂದರು. ಈ ಸಲ ಪುಸ್ತಕವನ್ನು ಮಗಳಿಂದ ಓದಿಸಿ, ಬಟ್ಟೆ ಬಡಿಯುವುದು ಹೇಗೆಂದು ತೋರಿಸಿಯೂ ಬಂದರು.

ಗುರುವಾರ ಭಾಗಮಂಡಲದ ಕಾರ್ಡು ಬಂತು. ಕಾರ್ಡು ಅಂದ ಮೇಲೆ ಮುಚ್ಚುಮರೆ ಎಲ್ಲಿಯದು? ಅಂಚೆಯವನು ದಾರಿಯಲ್ಲೇ ಓದಿದ್ದ. ಗೇಟಿನಲ್ಲಿ ಬೋಜಮ್ಮ ಕೈಗೆ ತೆಗೆದುಕೊಂಡು, ಇಡೀ ಜಗಲಿಗೆ ಕೇಳುವಂತೆ ಗಟ್ಟಿಯಾಗಿ ಓದಿದಳು.

'ಕ್ಷೇಮ. ನಮ್ಮ ಮನೆಯಲ್ಲಿ ಹನ್ನೊಂದು ಕಿಟಕಿಗಳಿವೆ. ಹತ್ತು ತೆರೆಯುತ್ತವೆ. ಮೂಲೆ ಕೋಣೆಯದು ಅಜ್ಜನ ಕಾಲದಿಂದ ಮುಚ್ಚಿತ್ತು. ನಿನ್ನೆ ಹಾರೆ ಹಾಕಿ ನಾನೇ ತೆಗೆದೆ. ಅಲ್ಲಿಂದ ಹೊಳೆ ಕಾಣಿಸುತ್ತದೆ. ಇದು ನಮಗೆ ಯಾರಿಗೂ ಗೊತ್ತಿರಲಿಲ್ಲ.'

"ಇಷ್ಟೇನಾ?" ಎಂದು ಬೋಜಮ್ಮ ಕಾರ್ಡನ್ನು ತಿರುಗಿಸಿ ನೋಡಿದಳು. ಹಿಂದೆ ವಿಳಾಸ ಬಿಟ್ಟು ಬೇರೇನೂ ಇರಲಿಲ್ಲ.

ಸೋಮಯ್ಯನವರು ಅದನ್ನು ಇಸಿದುಕೊಂಡು, ಎಲ್ಲಾದರೂ ತೊಂದರೆಯ ಮಾತು ಅಡಗಿದೆಯೋ ಎಂದು ಮೂರು ಸಲ ಓದಿದರು. ಒಂದೂ ಸಿಗಲಿಲ್ಲ. ಕಾರ್ಡನ್ನು ಮಗಳ ಕೈಗೆ ಕೊಟ್ಟು, ಜಗಲಿಯ ಕಂಬಕ್ಕೆ ಒರಗಿ, ಕಾಲು ಚಾಚಿ ಕೂತರು.

ದಮಯಂತಿ ಎರಡು ಸಲ ಓದಿದಳು. ಆಮೇಲೆ ಶಾಲೆಗೆ ಹೊತ್ತಾಯಿತೆಂದು ಹೊರಟಳು. ಅಂದು ಮಕ್ಕಳು ಹನ್ನೊಂದರ ಮಗ್ಗಿಯನ್ನು ನಾಲ್ಕು ಸಲ ಹೇಳಬೇಕಾಯಿತಂತೆ.